ಯಾಕ ಬಿಚ್ಚಿದಿ?

ಧಾರವಾಡದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆ ಊರಿನ ಹೈಸ್ಕೂಲಿನ ಕೊನೆಯ ಕೋಣೆಗೆ ಎರಡು ವರ್ಷದಿಂದ ಕೀಲಿ ಹಾಕಿತ್ತು. ಬಾಗಿಲ ಮೇಲೆ ‘ಗಣಕಯಂತ್ರ ಕೊಠಡಿ’ ಎಂದು ನೀಲಿ ಬಣ್ಣದಲ್ಲಿ ಚೆಂದಾಗಿ ಬರೆದಿದ್ದರು. ಒಳಗೆ 11 ಕಂಪ್ಯೂಟರುಗಳು ಹಳೆಯ ಬೆಡ್‌ಶೀಟ್ ಹೊದ್ದು ಸಾಲಾಗಿ ಕೂತಿದ್ದವು. ಅವನ್ನು ಮೊದಲ ಸಲ ನೋಡಿದಾಗ, ಮಳೆಗಾಲದ ರಾತ್ರಿ ಧರ್ಮಶಾಲೆಯಲ್ಲಿ ಮುಸುಕು ಹಾಕಿ ಕೂತ ಯಾತ್ರಿಕರ ನೆನಪಾಯಿತು ನನಗೆ.

ಹೆಡ್‌ಮಾಸ್ತರರು ಕೀಲಿಕೈ ಕೊಡುವಾಗ ಎರಡೆರಡು ಸಲ ಹೇಳಿದರು. “ನೋಡ್ರಿ ಸರ, ಒಂದು ಮೌಸ್ ಕಳದ್ರೂ ಸ್ಟಾಕ್ ರಜಿಸ್ಟರಿನ್ಯಾಗ ನನ್ನ ಸಹಿ ಐತಿ. ಹುಡುಗ್ರನ್ನ ಭಾಳ ಹತ್ರ ಬಿಡಬ್ಯಾಡ್ರಿ.”

ಅವರು ಕೆಟ್ಟವರಲ್ಲ. ಸರ್ಕಾರಿ ಸಾಮಾನಿಗೆ ಸಹಿ ಹಾಕಿದವರ ಸಂಕಟ ನನಗೂ ಗೊತ್ತು. ನಾನೂ 38 ವರ್ಷ ಅಂಥ ರಜಿಸ್ಟರುಗಳಿಗೆ ಸಹಿ ಹಾಕಿದವನೇ. ಆದರೆ ಕೀಲಿಕೈ ತಿರುಗಿಸುವಾಗ ಕಿಟಕಿಯ ಸರಳಿನ ಆಚೆ ಒಂದು ಮುಖ ಕಂಡಿತು. ಎರಡು ಜಡೆ, ಕೆಂಪು ರಿಬ್ಬನ್. ನಾನು ನೋಡಿದ್ದೇ ತಡ, ಮಾಯವಾಯಿತು.

*

ನನ್ನ ಪರಿಚಯ ಮೊದಲು ಹೇಳಿಬಿಡುತ್ತೇನೆ. 1979ರಲ್ಲಿ ನಾನು ಟೆಲಿಫೋನ್ ಇಲಾಖೆಗೆ ಟೆಕ್ನಿಷಿಯನ್ ಆಗಿ ಸೇರಿದೆ. ಆಗಿನ ಟೆಲಿಫೋನ್ ಎಕ್ಸ್‌ಚೇಂಜ್ ಎಂದರೆ ಮಕ್ಕಳೇ, ದೊಡ್ಡದೊಂದು ಹಾಲ್, ಅದರ ತುಂಬ ಕಬ್ಬಿಣದ ಚೌಕಟ್ಟುಗಳು, ಅವುಗಳಲ್ಲಿ ಸಾವಿರಾರು ರಿಲೇಗಳು. ರಿಲೇ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು. ಊರಲ್ಲಿ ಯಾರೋ ಫೋನಿನ ಡಯಲ್ ತಿರುಗಿಸಿದರೆ ಇಲ್ಲಿ ಒಂದು ಸೆಲೆಕ್ಟರ್ ಕಟಕಟನೆ ಮೇಲೇರಿ, ಸರಕ್ಕನೆ ತಿರುಗಿ, ಬೇಕಾದ ನಂಬರಿನ ಮೇಲೆ ನಿಲ್ಲುತ್ತಿತ್ತು. ಹಬ್ಬದ ದಿನ ಬೆಳಿಗ್ಗೆ ಆ ಹಾಲಿನ ಸದ್ದು ಕೇಳಬೇಕಿತ್ತು! ತಗಡಿನ ಮೇಲೆ ಆಲಿಕಲ್ಲು ಸುರಿದಂತೆ.

ಇದನ್ನು ಕಂಡುಹಿಡಿದವನು ಎಂಜಿನಿಯರ್ ಅಲ್ಲ ಎಂದು ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು. ಅಮೆರಿಕದ ಆಲ್ಮನ್ ಸ್ಟ್ರೋಜರ್ ಎಂಬಾತ ಶವಸಂಸ್ಕಾರದ ವ್ಯವಸ್ಥೆ ಮಾಡುವ ಅಂಗಡಿ ಇಟ್ಟುಕೊಂಡಿದ್ದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಬೇರೆ ಅಂಗಡಿಗೆ ಕೊಡುತ್ತಿದ್ದಾಳೆ ಎಂಬ ಅನುಮಾನ ಅವನಿಗೆ. ಆಪರೇಟರೇ ಬೇಡ ಎಂದು ಯಂತ್ರ ಹುಡುಕಲು ಕೂತ. 1891ರಲ್ಲಿ ಪೇಟೆಂಟ್ ಸಿಕ್ಕಿತು. ಸಿಟ್ಟು ಕೂಡ ಮನುಷ್ಯನನ್ನು ಯಂತ್ರದ ಕಡೆ ಎಳೆಯುತ್ತದೆ, ನೋಡಿ.

ನನ್ನನ್ನು ಎಳೆದದ್ದು ಸಿಟ್ಟಲ್ಲ, ಬೆರಗು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಹೊಸ ಎಕ್ಸ್‌ಚೇಂಜ್ ಬಂತು. ಹೌದು, ರಾಣಿ ಚೆನ್ನಮ್ಮನ ಕಿತ್ತೂರೇ. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ ತಯಾರಿಸಿದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ದೇಶದಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಅಲ್ಲಿ. ಏರ್‌ಕಂಡೀಷನ್ ಕೋಣೆ ಬೇಡ, ನಮ್ಮ ಧೂಳು-ಬಿಸಿಲು ತಡೆಯುತ್ತದೆ ಎಂದರು. ಒಂದು ಭಾನುವಾರ ಬಸ್ ಹತ್ತಿ ನೋಡಲು ಹೋದೆ. ಕಪಾಟಿನಷ್ಟು ಪೆಟ್ಟಿಗೆ. ಕಟಕಟ ಇಲ್ಲ, ಏರುವುದಿಲ್ಲ, ತಿರುಗುವುದಿಲ್ಲ. ಸುಮ್ಮನೆ ಕೂತಿತ್ತು. ಆದರೆ ಫೋನುಗಳು ರಿಂಗಾಗುತ್ತಿದ್ದವು. ಏನೂ ಅಲುಗಾಡದೆ ಇಷ್ಟೆಲ್ಲ ಕೆಲಸ ಹೇಗೆ? ‘ಇದರೊಳಗ ಕಂಪ್ಯೂಟರ್ ಐತಿ’ ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಆಮೇಲಿನ ನನ್ನ ಓದು, ತರಬೇತಿ, ಎಲ್ಲದರ ಬೇರು ಆ ಭಾನುವಾರದಲ್ಲಿದೆ.

ನಿವೃತ್ತಿಯಾದ ಮೇಲೆ ಸುಮ್ಮನಿದ್ದೆ. ಕೊರೊನಾ ಬಂದು ಪಾಠಗಳೆಲ್ಲ ಮೊಬೈಲಿನೊಳಗೆ ಹೋದಾಗ, ನಮ್ಮ ಓಣಿಯ ಹುಡುಗನೊಬ್ಬ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲಿಟ್ಟ. “ಅಜ್ಜಾರ, ನೀವು ಫೋನಿನ ಆಫೀಸಿನ್ಯಾಗ ಇದ್ರೆಂತ. ಇದು ಚಾಲೂ ಆಗತೈತೇನ್ರಿ?” ಆಯಿತು. ಮರುದಿನ ಇನ್ನೊಂದು ಬಂತು. ತಿಂಗಳೊಳಗೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಇವನ್ನ ಎಲ್ಲ್ಯಾರ ಸಾಲಿಗೆ ಒಯ್ಯಿರಿ” ಎಂದು ನನ್ನ ಹೆಂಡತಿ ಹೇಳಿದ್ದು ಬೇಸರದಿಂದ. ನಾನು ಅದನ್ನು ಸಲಹೆ ಎಂದು ತೆಗೆದುಕೊಂಡೆ.

*

ಈಗ ನಾವು ನಾಲ್ಕು ಜನ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂರು ತಾಸು ಯಾವುದಾದರೂ ಶಾಲೆಯಲ್ಲಿ ಕೂರುತ್ತೇವೆ. ಸಂಬಳವಿಲ್ಲ. ಬಸ್ ಚಾರ್ಜು ನಮ್ಮದೇ, ಚಹಾ ಶಾಲೆಯದು.

ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ಅಕ್ಕ. ನಮ್ಮ ಪೈಕಿ ಕೀಬೋರ್ಡಿನ ಮೇಲೆ ಅತಿ ವೇಗದ ಬೆರಳು ಅವರದು. ಅವರ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಅವರಿಗೆ ಬಂದದ್ದು ಕಣ್ಣೀರಂತೆ; ನೌಕರಿ ಹೋಯಿತೆಂದೇ ತಿಳಿದಿದ್ದರು. “ಆದ್ರ ಮೊದಲ ಅರ್ಧವಾರ್ಷಿಕ ಲೆಕ್ಕ ಮುಗಿಸಿದ ದಿನ ಮರೀಲಿಕ್ಕಾಗಂಗಿಲ್ಲ. ಅದಕ್ಕೂ ಮೊದಲ ಲೆಡ್ಜರ್ ತಾಳೆ ಆಗದ ಮಧ್ಯರಾತ್ರಿ ತನಕ ಕೂಡ್ತಿದ್ವಿ. ಅವತ್ತು ದೀಪ ಹಚ್ಚೂ ಹೊತ್ತಿಗೆ ಮನೀಗೆ ಹೋದೆ. ಸಣ್ಣ ಮಗಳು ಎಚ್ಚರಿದ್ಲು.” ಅವರನ್ನು ಕಂಪ್ಯೂಟರಿನ ಕಡೆ ಎಳೆದದ್ದು ಅದು: ಎಚ್ಚರವಿದ್ದ ಮಗಳು.

ಇನ್ನೊಬ್ಬ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಹತ್ತನೇ ತರಗತಿ ಮುಗಿಸಲಿಲ್ಲ, ಆದರೆ ಬೆಸುಗೆ ಹಾಕುವ ಅವನ ಕೈ ಅಕ್ಕಸಾಲಿಗನದು. “ಸತ್ತದ್ದು ಬೆಳಕಾಗತೈತಲ್ಲ ಸರ, ಅದರ ಸಲುವಾಗಿ ಬರತೀನಿ” ಎನ್ನುತ್ತಾನೆ. ನಾಲ್ಕನೆಯವನು ಪಾಲಿಟೆಕ್ನಿಕ್ ವಿದ್ಯಾರ್ಥಿ. ಅವನು ಆಟಗಳಿಂದ ಬಂದವನು. ಆಡಿ ಆಡಿ ಸಾಕಾಗಿ, ಈ ಆಟ ಮಾಡಿದವರು ಹೇಗೆ ಮಾಡಿದರು ಎಂದು ಕೆದಕಲು ಹೊರಟವನು.

ನೋಡಿ, ಒಂದೇ ಪೆಟ್ಟಿಗೆ, ನಾಲ್ಕು ಬಾಗಿಲು.

ಆ ಕೋಣೆಯಲ್ಲಿ ಮೊದಲು ಬೆಡ್‌ಶೀಟ್ ತೆಗೆದು, ವೈರು ಕಿತ್ತು, ಅಂಗಳಕ್ಕೆ ಒಯ್ದು ಧೂಳು ಊದಿದೆವು. ಒಂದರೊಳಗೆ ಹಲ್ಲಿಯ ಮೊಟ್ಟೆಗಳಿದ್ದವು. ಒಂದು ಯಂತ್ರ ಬಟನ್ ಒತ್ತಿದರೆ ‘ಪೀಂ... ಪೀಂ...’ ಎಂದು ಕೂಗುತ್ತಿತ್ತು, ಪರದೆ ಕಪ್ಪು. ಅದರ ಮೆಮರಿ ಕಾರ್ಡು ತೆಗೆದು, ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಪಟ್ಟಿಯ ಮೇಲೆ ಕೊಳೆ ಕೂತರೆ ವಿದ್ಯುತ್ ದಾಟುವುದಿಲ್ಲ. ವಾಪಸು ಕೂರಿಸಿ ಒತ್ತಿದರೆ ಪರದೆ ಬೆಳಗಿತು. ಕಿಟಕಿಯ ಆಚೆ ಯಾರೋ “ಹೋ!” ಎಂದರು. ಎರಡು ಜಡೆ, ಕೆಂಪು ರಿಬ್ಬನ್.

“ಒಳಗ ಬಾರವಾ ತಂಗಿ.”

“ಬ್ಯಾಡ್ರಿ. ನಾ ಮುಟ್ಟಿಲ್ರಿ.”

ಮುಟ್ಟಿದೆಯಾ ಎಂದು ನಾನು ಕೇಳಿಯೇ ಇರಲಿಲ್ಲ.

*

ಸಂಗತಿ ಆಮೇಲೆ ತಿಳಿಯಿತು. ಆಕೆ ಎಂಟನೇ ತರಗತಿ. ತಂದೆ ಗೌಂಡಿ ಕೆಲಸದವರು. ಎರಡು ವರ್ಷದ ಹಿಂದೆ ಆಕೆಯ ಅಕ್ಕ ಇದೇ ಶಾಲೆಯಲ್ಲಿದ್ದಳು. ಒಂದು ದಿನ ಅವಳು ಕೂತಿದ್ದ ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತುಬಿಟ್ಟಿತು. ‘ನೀನೇ ಏನೋ ಒತ್ತಿ ಕೆಡಿಸಿದಿ’ ಎಂದರು. ಇನ್ನೂ ಕೆಟ್ಟಾವು ಎಂದು ಕೋಣೆಗೆ ಕೀಲಿ ಬಿತ್ತು. ‘ಇವಳ ಸಲುವಾಗಿ ಕಂಪ್ಯೂಟರ್ ಕ್ಲಾಸ್ ಹೋತು’ ಎಂದು ಗೆಳತಿಯರೂ ಆಡಿಕೊಂಡರು. ಅಕ್ಕ ಈಗ ಕಾಲೇಜಿನಲ್ಲಿ ಬೇರೆ ವಿಷಯ ಓದುತ್ತಿದ್ದಾಳೆ.

ಆ ಯಂತ್ರವನ್ನು ಹುಡುಕಿ ಚಾಲೂ ಮಾಡಿದೆವು. ಅದೇ ಬರಹ ಬಂತು. ಪಾಲಿಟೆಕ್ನಿಕ್ ಹುಡುಗ ಓದಿ ಹೇಳಿದ: ‘ದಿನಾಂಕ, ಸಮಯ ಮರೆತುಹೋಗಿದೆ. ಮುಂದುವರಿಯಲು ಎಫ್1 ಒತ್ತಿ.’ ಕಂಪ್ಯೂಟರಿನೊಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, 3 ವೋಲ್ಟಿನದು. ವೈರು ಕಿತ್ತಾಗಲೂ ಯಂತ್ರಕ್ಕೆ ಇವತ್ತು ಯಾವ ತಾರೀಕು ಎಂಬುದು ನೆನಪಿರಲಿ ಎಂದು. ವರ್ಷಗಳು ಕಳೆದರೆ ಅದು ತಾನಾಗಿ ಮುಗಿಯುತ್ತದೆ, ಗೋಡೆ ಗಡಿಯಾರದ ಸೆಲ್ ಮುಗಿದಂತೆ. ಯಾರೂ ಕೆಡಿಸಿರಲಿಲ್ಲ. ನಾಲ್ಕು ಚಹಾದ ಬೆಲೆಯ ಬ್ಯಾಟರಿಗಾಗಿ ಎರಡು ವರ್ಷ ಒಂದು ಕೋಣೆ ಮುಚ್ಚಿತ್ತು, ಒಂದು ಹುಡುಗಿಯ ಮೇಲೆ ಅಪವಾದವಿತ್ತು.

ಬ್ಯಾಟರಿಯನ್ನು ತೆಗೆದು ಆ ತಂಗಿಯ ಅಂಗೈ ಮೇಲಿಟ್ಟೆ. “ಇದನ್ನ ಮನೀಗೆ ಒಯ್ದು ನಿಮ್ಮ ಅಕ್ಕಗ ತೋರ್ಸು. ಆಕೀ ತಪ್ಪಲ್ಲ ಅಂತ ಹೇಳು. ತೋರ್ಸಿ ನನಗ ವಾಪಸ್ ತಂದು ಕೊಡು, ಕಸಕ್ಕ ಒಗೀಬ್ಯಾಡ.” ಹೆಡ್‌ಮಾಸ್ತರರೂ ಅಲ್ಲೇ ಇದ್ದರು. ಅವರೇನೂ ಮಾತಾಡಲಿಲ್ಲ. ಆದರೆ ಮರುಶನಿವಾರ ಕೀಲಿ ತಾವೇ ತೆಗೆದು, “ಎಂಟನೇತ್ತ ಹುಡುಗ್ರು ಬಂದ್ರ ಬರ್ಲಿ ಬಿಡ್ರಿ” ಎಂದರು. ಹುಡುಗಿಯೂ ಬಂದಳು. ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು.

ಮಕ್ಕಳು ಬಂದ ದಿನವೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ಯಾವ ಯಂತ್ರ, ಏನು ತೊಂದರೆ, ಯಾರು ಬಿಚ್ಚಿದರು, ಏನು ಮಾಡಿದರು, ಸರಿಯಾಯಿತೋ ಇಲ್ಲವೋ. ತಪ್ಪು ಮಾಡಿದರೂ ಬರೆಯಬೇಕು. ಬರೆದವರಿಗೆ ಬೈಗುಳ ಇಲ್ಲ, ಮುಚ್ಚಿಟ್ಟರೆ ಮಾತ್ರ ಬೈಗುಳ. ನಮ್ಮ ಎಕ್ಸ್‌ಚೇಂಜಿನಲ್ಲೂ ಇಂಥದೊಂದು ಫಾಲ್ಟ್ ಬುಕ್ ಇತ್ತು.

ಮಕ್ಕಳಿಗೆ ನಂಬಿಕೆ ಬರಲೆಂದು ಪತಂಗದ ಕಥೆ ಹೇಳಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ದೊಡ್ಡ ಕಂಪ್ಯೂಟರ್ ಕಟ್ಟಿದ್ದರು. ಅದರೊಳಗಿದ್ದವೂ ರಿಲೇಗಳೇ, ನಮ್ಮ ಎಕ್ಸ್‌ಚೇಂಜಿನಂತೆ. 1947ರ ಸೆಪ್ಟೆಂಬರ್ 9ರಂದು ಅದು ತಪ್ಪು ಮಾಡತೊಡಗಿತು. ಹುಡುಕಿದರೆ ಒಂದು ರಿಲೇಯಲ್ಲಿ ಪತಂಗ ಸಿಕ್ಕಿಕೊಂಡಿತ್ತು! ಅವರು ಅದನ್ನು ತೆಗೆದು ಒಗೆಯಲಿಲ್ಲ. ತಮ್ಮ ದಾಖಲೆ ಪುಸ್ತಕಕ್ಕೇ ಟೇಪಿನಿಂದ ಅಂಟಿಸಿ, ನಿಜವಾದ ‘ಬಗ್’ ಸಿಕ್ಕಿದ್ದು ಇದೇ ಮೊದಲು ಎಂದು ತಮಾಷೆಯಾಗಿ ಬರೆದಿಟ್ಟರು. ಬಗ್ ಎಂದರೆ ಹುಳ. ಯಂತ್ರದ ದೋಷಕ್ಕೂ ಎಂಜಿನಿಯರುಗಳು ಅದಕ್ಕಿಂತ ಎಷ್ಟೋ ಮೊದಲಿನಿಂದ ಅದೇ ಮಾತು ಬಳಸುತ್ತಿದ್ದರು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ, ಪತಂಗದ ಸಮೇತ.

“ನಮಗ ಹಲ್ಲಿ ಮೊಟ್ಟೆ ಸಿಕ್ಕಿದ್ವಲ್ರಿ, ಅಂಟಿಸಬೇಕಿತ್ತು” ಎಂದ ಒಬ್ಬ ಹುಡುಗ.

*

ಆ ಯಂತ್ರಗಳಲ್ಲಿದ್ದ ವಿಂಡೋಸ್ 7ಕ್ಕೆ ಕಂಪನಿ 2020ರ ಜನವರಿಯಲ್ಲೇ ನೆರವು ನಿಲ್ಲಿಸಿತ್ತು. ನಾವು ಲಿನಕ್ಸ್ ಹಾಕಿದೆವು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಹವ್ಯಾಸಕ್ಕೆಂದು ಬರೆಯಲು ಶುರು ಮಾಡಿದ್ದು. ಆಮೇಲೆ ಜಗತ್ತಿನ ಸಾವಿರಾರು ಜನ ಕೈ ಹಾಕಿದರು. ಊರಿನ ಕೆರೆಯ ಹೂಳು ಎತ್ತಲು ಮನೆಗೊಬ್ಬರು ಬಂದಂತೆ.

ಅದರಲ್ಲಿ ಪೈಥಾನ್ ಎಂಬ ಭಾಷೆ ಇದೆ. ಅದರಲ್ಲೊಂದು ‘ಆಮೆ’ ಇದೆ. ಮುಂದಕ್ಕೆ 100 ಹೆಜ್ಜೆ ಹೋಗು ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ, ಬಲಕ್ಕೆ 90 ಡಿಗ್ರಿ ತಿರುಗು ಎಂದರೆ ತಿರುಗುತ್ತದೆ. ಹೀಗೆ ನಾಲ್ಕು ಸಲ ಮಾಡಿದರೆ ಚೌಕ. ಪಾಲಿಟೆಕ್ನಿಕ್ ಹುಡುಗ ಇಷ್ಟು ತೋರಿಸಿದ್ದ. ಕೆಂಪು ರಿಬ್ಬನ್ನಿನ ಹುಡುಗಿ ತಾನೇ ಮುಂದುವರಿದಳು. ಒಂದು ಚೌಕ ಬರೆ, 10 ಡಿಗ್ರಿ ತಿರುಗು, ಮತ್ತೆ ಚೌಕ ಬರೆ. ಹೀಗೆ 30 ಸಲ ಮಾಡು ಎಂದು ಬರೆದಳು. ಚೆಂದದ ಹೂವು ಮೂಡಿತು, ಆದರೆ ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು. ಆಕೆ ಪರದೆಯನ್ನೇ ನೋಡುತ್ತ ಬೆರಳು ಎಣಿಸಿದಳು. “ಒಂದು ಸುತ್ತಿಗೆ 360 ಅಲ್ರಿ? ಹತ್ತರಿಂದ ಭಾಗಿಸಿದ್ರ 36.” ತಿದ್ದಿದಳು. ರಂಗೋಲಿ ತುಂಬಿತು.

ನಡುವೆ ಎಷ್ಟು ತಪ್ಪಾಗಿತ್ತೋ ಲೆಕ್ಕವಿಲ್ಲ. ಒಮ್ಮೆ ಕಂಸ ಮರೆತಳು, ಒಮ್ಮೆ ಅಕ್ಷರ ಬಿಟ್ಟಳು. ಪ್ರತಿ ಸಲವೂ ಕಂಪ್ಯೂಟರ್ ‘4ನೇ ಸಾಲು ನೋಡು’, ‘6ನೇ ಸಾಲು ನೋಡು’ ಎಂದು ಇಂಗ್ಲಿಷಿನಲ್ಲಿ ತಿಳಿಸುತ್ತಿತ್ತು.

“ಇದರಾಗ ನಿನಗೇನು ಇಷ್ಟ ತಂಗಿ?” ಎಂದು ಕೇಳಿದೆ. ರಂಗೋಲಿ ಎನ್ನುತ್ತಾಳೆ ಎಂದುಕೊಂಡಿದ್ದೆ.

“ಇದು ಬೈಯಂಗಿಲ್ರಿ” ಎಂದಳು. “ನೂರು ಸಲ ತಪ್ಪು ಮಾಡಿದ್ರೂ ಬೈಯಂಗಿಲ್ಲ. ಎಲ್ಲಿ ತಪ್ಪೈತಿ ಅಂತ ಅಷ್ಟ ಹೇಳತೈತಿ.”

ನಾನು ಎದ್ದು ಹೊರಗೆ ಹೋಗಿ ನೀರು ಕುಡಿದೆ.

*

ಯಾಕೆಂದು ಹೇಳುತ್ತೇನೆ. ಅಜ್ಜ-ಅಜ್ಜಿಯರು ಈ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಬೇಕು.

1994ರ ಬೇಸಿಗೆ. ನನ್ನ ಮಗನಿಗೆ ಹತ್ತು ವರ್ಷ. ನಮ್ಮ ಮನೆಯಲ್ಲಿ ನನ್ನ ತಂದೆಯ ಕಾಲದ ರೇಡಿಯೋ ಇತ್ತು. ತಂದೆ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ, ರೇಡಿಯೋ ನೆಲದ ಮೇಲೆ ಬಿಚ್ಚಿ ಬಿದ್ದಿತ್ತು. ಮಗ ಅದರ ನಡುವೆ ಕೂತಿದ್ದ, ಕೈಯಲ್ಲಿ ನನ್ನದೇ ಸ್ಕ್ರೂಡ್ರೈವರ್. “ಯಾಕ ಬಿಚ್ಚಿದಿ?” ಎಂದೆ. ಅವನು ಬಾಯಿ ತೆರೆಯುವ ಮೊದಲೇ ಕೆನ್ನೆಗೆ ಬಾರಿಸಿದೆ. ಹಗಲೆಲ್ಲ ಯಂತ್ರಗಳ ಹೊಟ್ಟೆಯೊಳಗೆ ಕೈ ಇಟ್ಟು ಅದಕ್ಕಾಗಿಯೇ ಸಂಬಳ ಎಣಿಸುವ ಮನುಷ್ಯ ನಾನು! ಮತ್ತೆ ಅವನು ನನ್ನ ಸಾಮಾನಿನ ಪೆಟ್ಟಿಗೆ ಮುಟ್ಟಲಿಲ್ಲ. ಅವನ ಸೈಕಲ್ಲಿನ ಚೈನು ಕಳಚಿದರೂ ಅಂಗಡಿಗೆ ಒಯ್ಯುತ್ತಿದ್ದ. ಈಗ ಅವನಿಗೆ 40 ದಾಟಿದೆ. ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿ ನಡೆಯುತ್ತಿದೆ. ಅವನ ಬಾಳು ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಆ ಸಂಜೆ ನಾನೊಂದು ಬಾಗಿಲಿಗೆ ಕೀಲಿ ಹಾಕಿದೆ. ಆ ಶಾಲೆಯ ಕೀಲಿಗಿಂತ ಹಳೆಯ ಕೀಲಿ.

ಇದು ನೆನಪಾಗಿ ಎರಡು ವಾರವಾಗಿರಲಿಲ್ಲ, ನನ್ನ ಕೈಯಿಂದಲೇ ತಪ್ಪಾಯಿತು.

ಐದನೇ ನಂಬರಿನ ಕಂಪ್ಯೂಟರಿಗೆ ಲಿನಕ್ಸ್ ಹಾಕುವಾಗ ಡಿಸ್ಕನ್ನು ಪೂರ್ತಿ ಅಳಿಸಿದೆ. ‘ಅದರಾಗೇನಿಲ್ರಿ, ಎಲ್ಲಾ ಹಳೇದು’ ಎಂದು ಯಾರೋ ಹೇಳಿದ್ದರು. ನಾನು ತೆರೆದು ನೋಡಲಿಲ್ಲ. ನೋಡಲು ಐದು ನಿಮಿಷ ಸಾಕಿತ್ತು. ಮರುವಾರ ಕನ್ನಡ ಟೀಚರ್ ಬಂದು ಕೇಳಿದರು: “ಸರ, ಐದನೇ ಕಂಪ್ಯೂಟರಿನ್ಯಾಗ ನಮ್ಮ ಬೀಸೂ ಕಲ್ಲಿನ ಹಾಡು ಅದಾವಲ್ರಿ?”

ಮೂರು ವರ್ಷದ ಹಿಂದೆ ಅವರ ವಿದ್ಯಾರ್ಥಿಗಳು ತಮ್ಮ ತಮ್ಮ ಆಯಿಯರಿಂದ, ಅಂದರೆ ಅಜ್ಜಿಯರಿಂದ, ಬೀಸುವಾಗಿನ ಹಾಡು, ಕುಟ್ಟುವಾಗಿನ ಹಾಡು ಹೇಳಿಸಿ ಮೊಬೈಲಿನಲ್ಲಿ ಹಿಡಿದು ತಂದಿದ್ದರು. ಒಟ್ಟು 23 ಹಾಡುಗಳು. ಟೀಚರ್ ಎಲ್ಲವನ್ನೂ ಆ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಮೊಬೈಲುಗಳು ಬದಲಾಗಿದ್ದವು. ಹಾಡಿದ ಕೆಲವು ಆಯಿಯರು ತೀರಿಕೊಂಡಿದ್ದರು.

ನನ್ನ ಬಾಯಿ ಒಣಗಿತು. ನಿಜ ಹೇಳುತ್ತೇನೆ, ‘ಡಿಸ್ಕ್ ಮೊದಲೇ ಕೆಟ್ಟಿತ್ತು’ ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೇಜಿನ ಮೇಲೆ ಆ ನೋಟ್‌ಬುಕ್ ಇತ್ತು, ಸುತ್ತ ಮಕ್ಕಳಿದ್ದರು. ಪೆನ್ನು ತೆಗೆದುಕೊಂಡು ಬರೆದೆ: ‘ಯಂತ್ರ 5. ಕೇಳದೆ, ನೋಡದೆ ಡಿಸ್ಕ್ ಅಳಿಸಿದೆ. ತಪ್ಪು ನನ್ನದು.’ ಸಹಿ ಹಾಕಿದೆ. ಆಮೇಲೆ ಟೀಚರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೊಬೈಲ್ ಅಂಗಡಿಯ ಹುಡುಗ ನನ್ನ ಹೆಗಲ ಮೇಲೆ ಕೈ ಇಟ್ಟ. “ಸರ, ಆ ಡಿಸ್ಕ್ ಇನ್ನ ಮುಟ್ಟಬ್ಯಾಡ್ರಿ. ಕಳಚಿ ಕೊಡ್ರಿ.” ಡಿಸ್ಕನ್ನು ಹೀಗೆ ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ವಿಷಯಸೂಚಿ ಮಾತ್ರ ಮಕ್ಕಳೇ. ಪುಸ್ತಕದ ಮೊದಲ ಪುಟ ಹರಿದರೂ ಒಳಗಿನ ಪಾಠಗಳು ಇದ್ದಂತೆ, ಫೈಲುಗಳು ಅಲ್ಲೇ ಇರುತ್ತವೆ. ಅವುಗಳ ಮೇಲೆ ಹೊಸದನ್ನು ಬರೆದಾಗ ಮಾತ್ರ ನಿಜವಾಗಿ ಅಳಿಯುತ್ತವೆ. ನಾನು ಲಿನಕ್ಸ್ ಬರೆದದ್ದರಿಂದ ಒಂದಷ್ಟು ಹೋಗಿತ್ತು. ಉಳಿದದ್ದನ್ನು ಹುಡುಕುವ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಇದೆ. ಆ ಹುಡುಗ ಎರಡು ರಾತ್ರಿ ಅಂಗಡಿಯಲ್ಲಿ ಅದನ್ನು ಓಡಿಸಿದ. ಹದಿನಾಲ್ಕು ಹಾಡು ಸಿಕ್ಕವು. ಒಂಬತ್ತು ಸಿಗಲಿಲ್ಲ.

ಸಿಕ್ಕವಕ್ಕೂ ಹೆಸರಿರಲಿಲ್ಲ. ಹೀಗೆ ಹುಡುಕಿ ತೆಗೆದ ಫೈಲಿಗೆ ಹಳೆಯ ಹೆಸರು ಬರುವುದಿಲ್ಲ, ಬರೀ ನಂಬರು. ಯಾವ ಹಾಡು ಯಾರದು?

ಶನಿವಾರ ಮಕ್ಕಳೆಲ್ಲ ಕೋಣೆಯಲ್ಲಿ ಕೂತರು. ಒಂದೊಂದೇ ಹಾಕಿದೆವು. ಮೊದಲು ಬೀಸುವ ಕಲ್ಲಿನ ಗರಗರ, ಆಮೇಲೆ ದನಿ. “ಇದು ನಮ್ಮ ಓಣಿ ಆಯಿರಿ, ಕೆಮ್ಮು ನೋಡ್ರಿ!” “ಇದು ನಮ್ಮಾಯಿ!” ಒಬ್ಬ ಹುಡುಗ ಎದ್ದುನಿಂತು ಅತ್ತ. ಅವನ ಆಯಿ ಹೋಗಿ ವರ್ಷವಾಗಿತ್ತು. ಹಾಡಿನ ನಡುವೆ ಆಕೆ “ಬೆಕ್ಕು ಹಾಲಿಗೆ ಬಾಯಿ ಹಾಕೀತು, ಓಡ್ಸು” ಎಂದಿದ್ದಳು. ನಕ್ಕು, ಅತ್ತು, ಹೆಸರು ಬರೆದುಕೊಂಡೆವು.

ಕೆಂಪು ರಿಬ್ಬನ್ನಿನ ಹುಡುಗಿ ಹದಿನಾಲ್ಕನ್ನೂ ಕೇಳಿದಳು. ಆಕೆಯ ಅಕ್ಕನೂ ತಮ್ಮ ಆಯಿಯ ಹಾಡು ತಂದು ಕೊಟ್ಟಿದ್ದಳಂತೆ. ಕೊನೆಯದೂ ಮುಗಿಯಿತು. ಆಕೆ ಏನೂ ಹೇಳಲಿಲ್ಲ.

“ತಂಗಿ...” ಎಂದೆ. ನನಗೆ ಮುಂದಿನ ಮಾತು ಬರಲಿಲ್ಲ.

ಆಕೆ ನೋಟ್‌ಬುಕ್ ಎಳೆದುಕೊಂಡಳು. ನಾನು ಬರೆದ ಸಾಲಿನ ಕೆಳಗೆ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದಳು. ‘ಇನ್ನು ಮುಂದೆ: ಅಳಿಸುವ ಮೊದಲು ಎಲ್ಲರನ್ನೂ ಕೇಳಬೇಕು. ಎರಡು ಕಡೆ ನಕಲು ಇಡಬೇಕು.’ ಎಲ್ಲಿ ತಪ್ಪಿದೆ ಎಂದು ಅಷ್ಟೇ ಹೇಳಿದಳು. ಬೈಯಲಿಲ್ಲ.

*

ಆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. ಕೊನೆಗೆ ನಾನು ಕೇಳಿದೆ, 30 ವರ್ಷದ ಹಿಂದಿನ ಅದೇ ಪ್ರಶ್ನೆ. ಆದರೆ ಈ ಸಲ ಉತ್ತರ ಬೇಕಾಗಿತ್ತು.

“ಅವತ್ತ ಆ ರೇಡಿಯೋ ಯಾಕ ಬಿಚ್ಚಿದಿ?”

ಅವನು ತಲೆ ಎತ್ತಿದ. ಯಾವ ರೇಡಿಯೋ ಎಂದು ಕೇಳಲಿಲ್ಲ.

“ಸ್ಟೇಷನ್ ತಿರುವೂಮುಂದ ಕೆಂಪು ಕಡ್ಡಿ ಸರೀತಿತ್ತಲ್ಲಪ್ಪಾ. ಗುಂಡಿ ಬಲಕ್ಕ ತಿರುವಿದ್ರ ಕಡ್ಡಿ ಅಡ್ಡ ಸರಿಯೂದು ಹೆಂಗ ಅಂತ ನೋಡಬೇಕಾಗಿತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಒಳಗ ಒಂದು ದಾರ ಇತ್ತು. ಗಾಲಿಗೆ ಸುತ್ತಿದ್ರು. ಭಾಳ ಚಂದ ಇತ್ತು.”

ಅವನಿಗೆ ಆ ದಾರ ಕಂಡಿತ್ತು! ಪೆಟ್ಟು ಬೀಳುವ ಮೊದಲೇ ಅವನಿಗೆ ಉತ್ತರ ಸಿಕ್ಕಿತ್ತು. ಅದನ್ನು ಹೇಳಲು ಯಾರೂ ಇರಲಿಲ್ಲ, ಅಷ್ಟೇ.

ಕ್ಷಮೆ ಕೇಳುವ ಮಾತು ನಮ್ಮ ತಲೆಮಾರಿನ ಅಪ್ಪಂದಿರಿಗೆ ಸುಲಭವಾಗಿ ಬರುವುದಿಲ್ಲ. “ನಾ ಕೇಳಬೇಕಿತ್ತು” ಎಂದೆ. ಅವನು “ಇರ್ಲಿ ತಗೋಪಾ” ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.

ಮರುಶನಿವಾರ ಅವನು ನಮ್ಮ ಜೊತೆ ಬಂದ ಎಂದು ಬರೆದರೆ ಕಥೆ ಚೆಂದವಾಗುತ್ತದೆ. ಬರಲಿಲ್ಲ. ಬಿತ್ತನೆಯ ಕಾಲ, ಅಂಗಡಿಯಲ್ಲಿ ರೈತರು ಸಾಲು ನಿಂತಿರುತ್ತಾರೆ. ಆದರೆ ಒಂದು ಪೆಟ್ಟಿಗೆ ಕಳಿಸಿಕೊಟ್ಟ. ಒಳಗೆ ಎಂಟು ಸಣ್ಣ ಸ್ಕ್ರೂಡ್ರೈವರುಗಳು, ಮಕ್ಕಳ ಕೈಗೆ ಸರಿಹೊಂದುವಂಥವು.

ಈಗ ಆ ಕೋಣೆಯಲ್ಲಿ ಎಂಟು ಕಂಪ್ಯೂಟರುಗಳು ಓಡುತ್ತವೆ. ಮೂರನ್ನು ಬಿಡಿಭಾಗಕ್ಕೆ ಇಟ್ಟುಕೊಂಡಿದ್ದೇವೆ. ಸ್ಟಾಕ್ ರಜಿಸ್ಟರಿನಲ್ಲಿ ಎಲ್ಲವೂ ಸರಿಯಾಗಿದೆ. ಉಳಿದ ಒಂಬತ್ತು ಹಾಡುಗಳಲ್ಲಿ ಇನ್ನೂ ಬದುಕಿರುವ ನಾಲ್ಕು ಆಯಿಯರ ಹಾಡುಗಳನ್ನು ಮಕ್ಕಳು ಮತ್ತೆ ಹೇಳಿಸಿ ತಂದರು. ಐದು ಬರುವುದಿಲ್ಲ. ಅದು ನನ್ನ ಲೆಕ್ಕದಲ್ಲಿದೆ.

ಮಕ್ಕಳೇ, ನಿಮಗೂ ಏನಾದರೂ ಬಿಚ್ಚಿ ನೋಡಬೇಕು ಎನಿಸಿದರೆ ಕೆಲವು ಮಾತು ನೆನಪಿಡಿ. ಯಾರ ಸಾಮಾನೋ ಅವರನ್ನು ಮೊದಲು ಕೇಳಿ. ವೈರು ಕಿತ್ತಿಡಿ. ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಬಿಚ್ಚುವ ಮೊದಲು ಒಂದು ಚಿತ್ರ ಬರೆದುಕೊಳ್ಳಿ, ಸ್ಕ್ರೂಗಳನ್ನು ಬಟ್ಟಲಲ್ಲಿ ಹಾಕಿಡಿ. ಏನು ಮಾಡಿದಿರೋ ಬರೆದಿಡಿ, ತಪ್ಪನ್ನೂ ಸೇರಿಸಿ.

ಅಜ್ಜ-ಅಜ್ಜಿಯರೇ, ನಿಮಗೆ ಒಂದೇ ಮಾತು. ಮೊಮ್ಮಗು ಏನನ್ನಾದರೂ ಬಿಚ್ಚಿ ಕೂತಿದ್ದರೆ ನೀವೂ ಪಕ್ಕದಲ್ಲಿ ಕೂತು ಕೇಳಿ, ಯಾಕೆ ಬಿಚ್ಚಿದೆ ಎಂದು. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ.